ಗ್ರೀನ್ ಕಾರ್ಡ್ ಎಷ್ಟು ಪರ್ಮನೆಂಟು?

"ಗ್ರೀನ್ ಕಾರ್ಡ್ ಬಂತಲ್ಲಪ್ಪ, ಇನ್ನೇನು ಚಿಂತೆ?" ಅಂತ ಊರಿಂದ ಅಮ್ಮ ಫೋನಿನಲ್ಲಿ ಕೇಳಿದರು. ಕಾರ್ಡಿನ ಮೇಲೇನೋ 'ಪರ್ಮನೆಂಟ್' ಅಂತಲೇ ಇದೆ. ಅದರ ಚರಿತ್ರೆ ಓದಿದ ಮೇಲೆ ಆ ಪದದ ಮೇಲೆ ನನಗೆ ಅಷ್ಟು ನಂಬಿಕೆ ಉಳಿದಿಲ್ಲ.

1988ರಲ್ಲಿ ಅಮೆರಿಕದ ವಲಸೆ ಕಾನೂನಿಗೆ 'ಅಗ್ರವೇಟೆಡ್ ಫೆಲನಿ', ಅಂದರೆ ಘೋರ ಅಪರಾಧ, ಅನ್ನೋ ಪದ ಬಂತು. ಆಗ ಅದರಲ್ಲಿದ್ದದ್ದು ಕೊಲೆ, ಮಾದಕವಸ್ತು ಮತ್ತು ಶಸ್ತ್ರಗಳ ಕಳ್ಳಸಾಗಣೆ, ಅಷ್ಟೆ. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಪಟ್ಟಿಯನ್ನು ಉದ್ದ ಮಾಡಿತು. ಒಂದು ವರ್ಷದ ಶಿಕ್ಷೆಯಾದ ಕಳ್ಳತನವೂ ಸೇರಿತು. ಶಿಕ್ಷೆ ಅಮಾನತ್ತಿನಲ್ಲಿದ್ದು ಒಂದು ದಿನವೂ ಜೈಲಿಗೆ ಹೋಗದಿದ್ದರೂ ಲೆಕ್ಕಕ್ಕೆ ಬಂತು. ಅದೂ ಹಳೇ ಕೇಸುಗಳಿಗೂ ಅನ್ವಯ!

ಎಷ್ಟೋ ಜನ ಸಿಕ್ಕಿಬಿದ್ದದ್ದು ಪೌರತ್ವಕ್ಕೆ ಅರ್ಜಿ ಹಾಕಿದಾಗಲೇ. ಬೆರಳಚ್ಚು ಕೊಟ್ಟರು, ಹಳೇ ಕೇಸು ಹೊರಬಂತು, ಗಡೀಪಾರಿನ ನೋಟಿಸು ಕೈಗೆ ಬಂತು...

2001ರಲ್ಲಿ ಸೇಂಟ್ ಸೈರ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಆ ಕಾನೂನಿಗೆ ಮೊದಲೇ ತಪ್ಪೊಪ್ಪಿಕೊಂಡಿದ್ದು, ಆಗ ಅರ್ಹರಾಗಿದ್ದವರು ವಿನಾಯಿತಿ ಕೇಳಬಹುದು ಅಂತು. ಹೊಂಡುರಾಸ್ ಮೂಲದ ಪಡೀಯ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕ, 40 ವರ್ಷಕ್ಕೂ ಹೆಚ್ಚು ಕಾಲದ ಕಾಯಂ ನಿವಾಸಿ. "ಇಷ್ಟು ವರ್ಷ ಇದ್ದೀಯ, ಭಯ ಬೇಡ" ಅನ್ನೋ ಅರ್ಥದಲ್ಲಿ ಅವರ ವಕೀಲರು ಹೇಳಿದ್ದರಂತೆ. ತಪ್ಪೊಪ್ಪಿಕೊಂಡರು, ಗಡೀಪಾರಿನ ಭೀತಿ ಎದುರಾಯಿತು. ಇಂಥ ಅಪಾಯವನ್ನು ವಕೀಲರು ಮೊದಲೇ ತಿಳಿಸಬೇಕು ಅಂತ ಕೋರ್ಟು ಹೇಳಿದ್ದು 2010ರಲ್ಲಿ.

ಹಾಗಾಗಿ ಗೆಳೆಯರೇ, ಎಷ್ಟೇ ಹಳೇ ಕೇಸಿರಲಿ, ಪೌರತ್ವದ ಫಾರಂ ತುಂಬುವ ಮೊದಲು ವಲಸೆ ವಕೀಲರನ್ನೊಮ್ಮೆ ಕಾಣಿ. ಅಮ್ಮನಿಗೆ ಮಾತ್ರ "ಏನೂ ಚಿಂತೆಯಿಲ್ಲ" ಅಂದೆ.