ಅರಳೆ ಗಾದಿಯಿಂದ ಫೋಮ್ ಹಾಸಿಗೆಗೆ

ಉತ್ತರ ಕರ್ನಾಟಕದಲ್ಲಿ ಗಾದಿ ಮಾಡುವ ಕಸುಬು ಬಹುಕಾಲ ಪಿಂಜಾರರ ಕೈಯಲ್ಲಿತ್ತು. ನದಾಫ್ ಎಂದೂ ಕರೆಸಿಕೊಳ್ಳುವ ಈ ಮುಸ್ಲಿಂ ಸಮುದಾಯದವರು ಉದ್ದನೆಯ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಿದ್ದರು. ಬಿಲ್ಲಿಗೆ ಬಿಗಿದ ಹುರಿಯನ್ನು ಅರಳೆಯ ರಾಶಿಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಹುರಿ ಅದುರುತ್ತದೆ. ಆ ಅದುರಿಗೆ ಗಂಟುಗಟ್ಟಿದ ಎಳೆಗಳು ಬಿಡಿಬಿಡಿಯಾಗುತ್ತವೆ, ಧೂಳು ಮತ್ತು ಬೀಜದ ಚೂರು ಕೆಳಗುದುರುತ್ತವೆ, ನಡುವೆ ಗಾಳಿ ಸೇರಿ ಅರಳೆ ಉಬ್ಬುತ್ತದೆ. ಗಾದಿ ಮೆತ್ತಗಾಗುವುದು ಈ ಗಾಳಿಯಿಂದಲೇ.

ಮನೆಯಂಗಳದಲ್ಲೇ ಸಿದ್ಧವಾಗುತ್ತಿದ್ದ ಗಾದಿಯ ಒಳಗೇನಿದೆ ಎಂದು ಯಾರೂ ಊಹಿಸಬೇಕಿರಲಿಲ್ಲ. ಅರಳೆ ಕಣ್ಣೆದುರೇ ಇರುತ್ತಿತ್ತು, ಹಿಡಿಯಷ್ಟನ್ನು ಅದುಮಿ ಬಿಟ್ಟರೆ ಅದರ ಪುಟಿತ ತಿಳಿಯುತ್ತಿತ್ತು. ನೂಲಿಗೆ ಉದ್ದ ಎಳೆ ಶ್ರೇಷ್ಠವಾದರೂ ಗಾದಿಗೆ ಗಿಡ್ಡ, ಒರಟು ಎಳೆಯ ನಾಟಿ ಹತ್ತಿಯೇ ಮೇಲು. ಒತ್ತಿದರೆ ಬೇಗ ಮೇಲೇಳುವುದು ಅದೇ. ಗಟ್ಟಿ ಬೇಕೆಂದರೆ ಅರಳೆ ಹೆಚ್ಚು ತುಂಬಿಸಿದರಾಯಿತು. ಹತ್ತಿ ತೇವ ಹೀರುತ್ತದೆ, ಮಲಗುತ್ತ ಮಲಗುತ್ತ ಹೆಪ್ಪುಗಟ್ಟುತ್ತದೆ, ಹಾಗಾಗಿ ಗಾದಿಯನ್ನು ಆಗಾಗ ಬಿಸಿಲಿಗೆ ಹಾಕಬೇಕಿತ್ತು. ಕೆಲವು ವರ್ಷ ಕಳೆದ ಮೇಲೆ ಹೊಲಿಗೆ ಬಿಚ್ಚಿ, ಅದೇ ಅರಳೆಯನ್ನು ಹಿಂಜಿಸಿ, ಮತ್ತೆ ತುಂಬಿಸುತ್ತಿದ್ದರು. ಗಾದಿಯ ಬಾಳಿಕೆ ಎಂದರೆ ಹೀಗೆ ಮರಳಿ ಹೊಸದಾಗುವ ಗುಣವೇ ಆಗಿತ್ತು. ಮುಂದೆ ಬಂದ ಯಾವ ಹಾಸಿಗೆಗೂ ಅದು ದಕ್ಕಲಿಲ್ಲ.

ಬೂರುಗದ ಹತ್ತಿ ಇನ್ನೂ ಹಗುರ, ನೀರು ಹಿಡಿಯದು. ಆದರೆ ಅದರ ಎಳೆ ಪೆಡಸು. ಬಳಸಿದಂತೆ ಮುರಿದು ಪುಡಿಯಾಗುತ್ತದೆ. ದಿಂಬಿಗೆ ಅದು ಹೆಚ್ಚು ಒಗ್ಗಿತು.

ಕಾರ್ಖಾನೆಯ ಹಾಸಿಗೆ ಬಂದಾಗ ಲೆಕ್ಕ ಬದಲಾಯಿತು. 1962ರಲ್ಲಿ ಕರ್ನಾಟಕದಲ್ಲೇ ಶುರುವಾದ ಕರ್ಲಾನ್ ಸಂಸ್ಥೆ ರಬ್ಬರು ಲೇಪಿಸಿದ ತೆಂಗಿನ ನಾರಿನ ಹಾಸಿಗೆಯನ್ನು ಮನೆಮಾತಾಗಿಸಿತು. ಸುರುಳಿಗೊಳಿಸಿದ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ, ಒತ್ತಿ, ಬಿಸಿಯಲ್ಲಿ ಗಟ್ಟಿಮಾಡಿದ ಹಾಳೆಗಳೇ ಅದರ ಹೂರಣ. ಗಾಳಿಯಾಡುವ ಆ ಹಾಸಿಗೆ ಬೆನ್ನಿಗೆ ಗಟ್ಟಿ ಆಸರೆ ಕೊಡುತ್ತಿತ್ತು. ವಯಸ್ಸಾದಂತೆ ರಬ್ಬರು ಒಣಗಿ ನಾರು ಉದುರತೊಡಗಿದರೆ ಮಾತ್ರ ರಿಪೇರಿಗೆ ದಾರಿಯಿಲ್ಲ.

ಫೋಮಿನ ಕತೆ ಜರ್ಮನಿಯದು. ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಪಾಲಿಯುರಿಥೇನ್ ಕಂಡುಹಿಡಿದರು. ಅದರ ಮೆತ್ತನೆಯ ಫೋಮ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಎರಡು ದ್ರವಗಳು ಬೆರೆತು ಅನಿಲ ಹುಟ್ಟಿ, ಅದರ ಗುಳ್ಳೆಗಳೇ ಗಟ್ಟಿಯಾಗಿ ನಿಂತದ್ದು ಫೋಮ್. ಕೊಳ್ಳುವವರು ಇಲ್ಲಿ ಹೆಚ್ಚಾಗಿ ಎಡವುವುದು ಗಟ್ಟಿತನವನ್ನೂ ಡೆನ್ಸಿಟಿಯನ್ನೂ ಒಂದೇ ಎಂದುಕೊಳ್ಳುವುದರಿಂದ. ಗಟ್ಟಿತನ ಎಂದರೆ ಒತ್ತಿದಾಗ ಎಷ್ಟು ತಗ್ಗುತ್ತದೆ ಎಂಬುದು. ಡೆನ್ಸಿಟಿ ಎಂದರೆ ಒಂದು ಘನ ಮೀಟರಿನಲ್ಲಿ ಎಷ್ಟು ಕಿಲೋ ಸರಕಿದೆ ಎಂಬುದು. ಕಡಿಮೆ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಅಂಗಡಿಯಲ್ಲಿ ಅಂಗೈಯಿಂದ ಒತ್ತಿದರೆ ಅದು ಚೆನ್ನಾಗಿಯೇ ಕಾಣುತ್ತದೆ, ಆದರೆ ಗುಳ್ಳೆಗಳ ಗೋಡೆ ತೆಳುವಾದ್ದರಿಂದ ಬೇಗ ಗುಳಿ ಬೀಳುತ್ತದೆ. ಬಾಳಿಕೆಯ ಸುಳಿವು ಡೆನ್ಸಿಟಿಯಲ್ಲಿದೆ.

ಈ ಅಂಕಿಯನ್ನು ತಕ್ಕಡಿಯಿಂದಲೇ ತಾಳೆ ನೋಡಬಹುದು. 6 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ದಪ್ಪದ ಹಾಸಿಗೆಯ ಗಾತ್ರ ಸುಮಾರು 0.17 ಘನ ಮೀಟರು. ಒಳಗೆಲ್ಲ 32 ಡೆನ್ಸಿಟಿಯ ಫೋಮಿದ್ದರೆ ಅದು ಸುಮಾರು ಐದೂವರೆ ಕಿಲೋ ತೂಗಬೇಕು, 40 ಆದರೆ ಏಳು ಕಿಲೋಗೆ ಹತ್ತಿರ. ತೂಕ ಕಡಿಮೆ ಬಂದರೆ ಹೇಳಿದ ಅಂಕಿ ಸುಳ್ಳು. ತೂಕ ಸರಿಯಿದ್ದರೂ ಸುಣ್ಣದ ಪುಡಿಯಂಥದನ್ನು ಬೆರೆಸಿ ಭಾರ ಹೆಚ್ಚಿಸುವುದುಂಟು. ಆದ್ದರಿಂದ ಹೊದಿಕೆಗೆ ಜಿಪ್ ಇದ್ದರೆ ತೆಗೆದು ನೋಡುವುದು ಒಳ್ಳೆಯದು. ಒಳಗೆ ಬಣ್ಣಬಣ್ಣದ ಚೂರುಗಳು ಅಂಟಿಕೊಂಡಂತೆ ಕಂಡರೆ ಅದು ಉಳಿಕೆ ಫೋಮನ್ನು ಗೋಂದು ಹಾಕಿ ಒತ್ತಿ ಮಾಡಿದ ಬಾಂಡೆಡ್ ಫೋಮ್. ಅದರ ತೂಕ, ಗಟ್ಟಿತನ ಎರಡೂ ಒತ್ತುವುದರಿಂದ ಬಂದವು; ತಳದ ಪದರಕ್ಕೆ ಅದು ಸಲ್ಲುತ್ತದೆ, ಮೈ ತಾಗುವ ಮೇಲ್ಪದರಕ್ಕೆ ಸಲ್ಲದು.