ಜಾತಿ ಸುಳ್ಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಸುಳ್ಳಿನ ಬಗ್ಗೆ ಇಷ್ಟು ಉದಾರವಾಗಿರುವ ನುಡಿಯಲ್ಲಿ ಅದಕ್ಕೆ ಹಚ್ಚುವ ವಿಶೇಷಣಗಳಿಗೂ ಬರವಿಲ್ಲ: ಹಸಿ ಸುಳ್ಳು, ಶುದ್ಧ ಸುಳ್ಳು, ಅಪ್ಪಟ ಸುಳ್ಳು. ಚಿನ್ನಕ್ಕೂ ತುಪ್ಪಕ್ಕೂ ಹೇಳುವ ಮಾತನ್ನೇ ಸುಳ್ಳಿಗೂ ಹೇಳುತ್ತೇವೆ, ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಗ್ರೀಕರೂ ಹಾಗೇ ಮಾಡಿದರು. ಅದರಿಂದಾಗಿ ಒಂದೂವರೆ ಶತಮಾನದಿಂದ ಪಂಡಿತರು ಜಗಳವಾಡುತ್ತಿದ್ದಾರೆ. ಪ್ಲೇಟೊನ ‘ರಿಪಬ್ಲಿಕ್’ನ ಮೂರನೆಯ ಭಾಗದಲ್ಲಿ ಸಾಕ್ರಟೀಸ್, ನಮ್ಮ ಆದರ್ಶ ನಗರ ನಿಲ್ಲಬೇಕಾದರೆ ಒಂದು ಸುಳ್ಳು ಬೇಕು ಅನ್ನುತ್ತಾನೆ. ಆ ಸುಳ್ಳಿಗೆ ಅವನು ಕೊಡುವ ವಿಶೇಷಣ ‘ಗೆನ್ನಾಯೊಸ್’. ಇಂಗ್ಲಿಷಿನವರಿಂದ ಬಂದ ರೂಢಿಯಲ್ಲಿ ನಾವೂ ಅದನ್ನು ‘ಉದಾತ್ತ ಸುಳ್ಳು’ ಎಂದುಬಿಡುತ್ತೇವೆ.

ಆದರೆ ಆ ಪದದ ಬೇರು ಬೇರೆ ಕಡೆ ಇದೆ. ಗೆನ್ನಾಯೊಸ್ ಹುಟ್ಟಿದ್ದು ‘ಗೆನೊಸ್’ನಿಂದ, ಅಂದರೆ ಕುಲ, ವಂಶ. ಸಂಸ್ಕೃತದ ಜನ, ಜನ್ಮ, ಜಾತಿ ಎಲ್ಲವೂ ಇದರ ದಾಯಾದಿಗಳೇ. ಅದೇ ‘ರಿಪಬ್ಲಿಕ್’ನ ಎರಡನೆಯ ಭಾಗದಲ್ಲಿ ನಗರದ ಕಾವಲುಗಾರರು ಹೇಗಿರಬೇಕು ಎಂಬ ಪ್ರಶ್ನೆ ಬಂದಾಗ ಸಾಕ್ರಟೀಸ್ ಅವರನ್ನು ಒಳ್ಳೆಯ ತಳಿಯ ನಾಯಿಮರಿಗೆ ಹೋಲಿಸುತ್ತಾನೆ. ಆ ನಾಯಿಗೂ ಇದೇ ವಿಶೇಷಣ. ನಾವು ಅದನ್ನು ‘ಉದಾತ್ತ ನಾಯಿ’ ಅಂದರೆ ನಾಯಿಯೂ ನಕ್ಕೀತು. ಕನ್ನಡದಲ್ಲಿ ಅದಕ್ಕೆ ಜಾತಿ ನಾಯಿ ಎಂದೇ ಹೆಸರು. ಕುದುರೆಯಾದರೆ ಜಾತಿ ಕುದುರೆ. ಹಾಗಿದ್ದ ಮೇಲೆ ಸುಳ್ಳಿಗೂ ಅದೇ ಲೆಕ್ಕ ಇರಲಿ. ಜಾತಿ ಸುಳ್ಳು.

ಈ ಅನುವಾದ ಬರಿಯ ಚಮತ್ಕಾರವಲ್ಲ, ಸುಳ್ಳಿನ ಒಳಗೇನಿದೆ ನೋಡಿ. ನೀವೆಲ್ಲ ಈ ಭೂಮಿತಾಯಿಯ ಹೊಟ್ಟೆಯಲ್ಲೇ ಬೆಳೆದು ಹೊರಬಂದವರು, ಆದ್ದರಿಂದ ಅಣ್ಣತಮ್ಮಂದಿರು ಎಂದು ಪ್ರಜೆಗಳಿಗೆ ಹೇಳಬೇಕಂತೆ. ಜೊತೆಗೇ ಇನ್ನೊಂದು ಮಾತು: ದೇವರು ನಿಮ್ಮನ್ನು ಮಾಡುವಾಗ ಆಳುವವರಲ್ಲಿ ಚಿನ್ನ ಬೆರೆಸಿದ, ಅವರಿಗೆ ನೆರವಾಗುವ ಯೋಧರಲ್ಲಿ ಬೆಳ್ಳಿ, ರೈತರಲ್ಲಿ ಕುಶಲಕರ್ಮಿಗಳಲ್ಲಿ ಕಬ್ಬಿಣ ಮತ್ತು ಕಂಚು. ಹುಟ್ಟಿನ ಬಗ್ಗೆ ಹೇಳುವ ಸುಳ್ಳಿಗೆ ‘ಒಳ್ಳೆಯ ಹುಟ್ಟಿನ’ ಸುಳ್ಳು ಎಂದು ಪ್ಲೇಟೊ ಬೇಕೆಂದೇ ಹೆಸರಿಟ್ಟಿರಬೇಕು. ಇಂಗ್ಲಿಷಿನಲ್ಲಿ ಆ ಶ್ಲೇಷೆ ಸತ್ತುಹೋಯಿತು. ನಮ್ಮಲ್ಲಿ ಬದುಕಿದೆ, ಸ್ವಲ್ಪ ಹೆಚ್ಚೇ ಬದುಕಿದೆ.

ಅನುವಾದಕರ ಪಾಡು ನೋಡಬೇಕು. ವಿಕ್ಟೋರಿಯಾ ರಾಣಿಯ ಕಾಲದ ಜೋವೆಟ್ ಅದನ್ನು ರಾಜಗಾಂಭೀರ್ಯದ ಸುಳ್ಳಾಗಿಸಿದ. 1941ರಲ್ಲಿ ಕಾರ್ನ್‌ಫೋರ್ಡ್ ‘ಸುಳ್ಳು’ ಎಂಬ ಮಾತನ್ನೇ ಕೈಬಿಟ್ಟು, ಕಲ್ಪನೆಯ ದಿಟ್ಟ ಹಾರಾಟ ಎಂಬರ್ಥದಲ್ಲಿ ಬರೆದ. 1955ರ ಪೆಂಗ್ವಿನ್ ಆವೃತ್ತಿಯಲ್ಲಿ ಡೆಸ್ಮಂಡ್ ಲೀ ಅದನ್ನು ಭವ್ಯವಾದ ಪುರಾಣ ಮಾಡಿಬಿಟ್ಟ. ಗ್ರೀಕಿನಲ್ಲಿ ಸುಳ್ಳಿಗೂ ಕಟ್ಟುಕತೆಗೂ ಒಂದೇ ಪದ ಸಲ್ಲುತ್ತದೆ ಎಂಬುದು ಅವರ ಸಮರ್ಥನೆ. ಸರಿಯೇ. ಆದರೆ ಹಿಟ್ಲರ್ ಕಾಲದಲ್ಲಿ ಕೂತು ಪ್ಲೇಟೊನನ್ನು ಓದಿದವರಿಗೆ ಆತನ ಮಾನ ಕಾಪಾಡುವ ಗಡಿಬಿಡಿಯೂ ಇತ್ತು ಅಂತ ನನ್ನ ಗುಮಾನಿ. ಜರ್ಮನಿಯ ಜನಾಂಗವಾದಿ ಹಾನ್ಸ್ ಗ್ಯೂಂಟರ್ 1928ರಷ್ಟು ಹಿಂದೆಯೇ ಪ್ಲೇಟೊನನ್ನು ತಮ್ಮ ತಳಿಶುದ್ಧಿ ಸಿದ್ಧಾಂತದ ಹಿರಿಯನನ್ನಾಗಿ ಮಾಡಿ ಪುಸ್ತಕ ಬರೆದಾಗಿತ್ತು.

ಆ ಗಡಿಬಿಡಿ ಕಾರ್ಲ್ ಪಾಪರ್‌ಗೆ ಇರಲಿಲ್ಲ. ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿದ ಸುದ್ದಿ 1938ರ ಮಾರ್ಚಿನಲ್ಲಿ ತಲುಪಿದಾಗ ಆತ ನ್ಯೂಜಿಲೆಂಡಿನಲ್ಲಿ ಮೇಷ್ಟ್ರಾಗಿದ್ದ. ಆಗ ಬರೆಯಲು ನಿರ್ಧರಿಸಿದ ‘ದಿ ಓಪನ್ ಸೊಸೈಟಿ ಅಂಡ್ ಇಟ್ಸ್ ಎನಿಮೀಸ್’ 1945ರಲ್ಲಿ ಅಚ್ಚಾಯಿತು. ಅದರಲ್ಲಿ ಪ್ಲೇಟೊನ ಈ ಕತೆ ದೊರೆತನದ ಸುಳ್ಳು, ನೆತ್ತರು-ನೆಲದ ಪುರಾಣ. ಅವನಿಗಿಂತ ಮೊದಲೇ, 1937ರಲ್ಲಿ, ಇದು ಬರೀ ಪ್ರಚಾರತಂತ್ರ ಎಂದು ಬ್ರಿಟನ್ನಿನ ರಿಚರ್ಡ್ ಕ್ರಾಸ್‌ಮನ್ ಬರೆದಿದ್ದ. ಯುದ್ಧ ಬಂದಾಗ ಅದೇ ಕ್ರಾಸ್‌ಮನ್ ಜರ್ಮನಿಯ ವಿರುದ್ಧ ಬ್ರಿಟಿಷ್ ಸರ್ಕಾರದ ಪ್ರಚಾರ ವಿಭಾಗದ ಮುಖ್ಯಸ್ಥನಾದ. ರೋಗ ಗುರುತಿಸಿದವನಿಗೇ ಔಷಧಿ ಅಂಗಡಿ ಸಿಕ್ಕ ಹಾಗಾಯಿತು.

ಔಷಧಿ ಅಂದೆನಲ್ಲ, ಅದೂ ಪ್ಲೇಟೊನ ಮಾತೇ. ಸುಳ್ಳು ಮದ್ದಿದ್ದ ಹಾಗೆ, ವೈದ್ಯರ ಕೈಯಲ್ಲೇ ಇರಬೇಕು. ಆಳುವವರು ಊರ ಹಿತಕ್ಕೆ ಸುಳ್ಳಾಡಬಹುದು, ಮಿಕ್ಕವರು ಸುಳ್ಳಾಡಿ ಸಿಕ್ಕಿಬಿದ್ದರೆ ಶಿಕ್ಷೆ. ಅವನು ಬಳಸಿದ ಗ್ರೀಕ್ ಪದಕ್ಕೆ ಔಷಧ, ವಿಷ ಎರಡೂ ಅರ್ಥವಿದೆ. ‘ಮದ್ದು ಹಾಕಿದ್ದಾರೆ’ ಅನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿದಾಗ ‘ಉದಾತ್ತ ಸುಳ್ಳು’ ಎಂಬ ಮಾತು ಪತ್ರಿಕೆಗಳಿಗೆ ಇಳಿಯಿತು. 1973ರಲ್ಲೇ ತೀರಿಹೋಗಿದ್ದ ಷಿಕಾಗೋ ಪ್ರೊಫೆಸರ್ ಲಿಯೊ ಸ್ಟ್ರಾಸ್ ತನ್ನ ಶಿಷ್ಯರಿಗೆ ಈ ಸುಳ್ಳಿನ ಪಾಠ ಹೇಳಿಕೊಟ್ಟ, ಅವರೇ ಯುದ್ಧ ಹೂಡಿದರು ಎಂದು ಆರೋಪ. ನನ್ನ ತಂದೆ ಅಂಥವರಲ್ಲ ಎಂದು ಮಗಳು ಪತ್ರಿಕೆಗೆ ಬರೆಯಬೇಕಾಯಿತು. ಸರ್ಕಾರಗಳು ಸುಳ್ಳು ಹೇಳಲು ಪ್ಲೇಟೊನನ್ನು ಓದಿರಬೇಕೆ?

ಈ ಜಗಳಗಳಲ್ಲಿ ಹೆಚ್ಚಿನವರು ಸುಳ್ಳನ್ನು ಹಿಡಿದು ಎಳೆದಾಡಿದರು, ಜಾತಿಯನ್ನು ಬಿಟ್ಟರು. ಜಾತಿಯನ್ನು ಹಿಡಿದವರಲ್ಲಿ ಅಂಬೇಡ್ಕರ್ ಒಬ್ಬರು. ಪಾಪರ್‌ಗಿಂತ ಒಂಬತ್ತು ವರ್ಷ ಮೊದಲು, 1936ರ ‘ಅನಿಹಿಲೇಷನ್ ಆಫ್ ಕಾಸ್ಟ್’ನಲ್ಲಿ, ಚಾತುರ್ವರ್ಣ್ಯವನ್ನು ಪ್ಲೇಟೊನ ವರ್ಗಗಳ ಪಕ್ಕದಲ್ಲಿಟ್ಟು ತೂಗಿದರು. ಮನುಷ್ಯರನ್ನು ಮೂರೋ ನಾಲ್ಕೋ ಗಂಟು ಕಟ್ಟಿ ಎಸೆಯುವುದು ಮೇಲುಮೇಲಿನ ನೋಟ, ಒಬ್ಬೊಬ್ಬರೂ ಬೇರೆಬೇರೆ ಎಂಬುದು ಪ್ಲೇಟೊಗೂ ಚಾತುರ್ವರ್ಣ್ಯದವರಿಗೂ ಕಾಣಲಿಲ್ಲ ಎಂಬುದು ಅವರ ವಾದ. ಕೊಲಂಬಿಯಾದ ಗುರು ಜಾನ್ ಡ್ಯೂಯಿಯಿಂದ ಕಲಿತದ್ದು ಅದು. ಆದರೆ ಡ್ಯೂಯಿಗೆ ಅದು ಪುಸ್ತಕದ ವಿಷಯ.

ಪ್ಲೇಟೊನ ಪರವಾಗಿ ಒಂದು ಮಾತು ಸಲ್ಲಲೇಬೇಕು. ಚಿನ್ನದ ಹೊಟ್ಟೆಯಲ್ಲಿ ಕಂಚು ಹುಟ್ಟಿದರೆ ಕರುಣೆಯಿಲ್ಲದೆ ಕೆಳಗಿಳಿಸಿ, ಕಂಚಿನಲ್ಲಿ ಚಿನ್ನ ಹುಟ್ಟಿದರೆ ಮೇಲಕ್ಕೆ ತನ್ನಿ ಎನ್ನುತ್ತಾನೆ. ನಮ್ಮ ಸ್ಮೃತಿಕಾರರು ಅಷ್ಟಕ್ಕೂ ಬಾಗಿಲು ತೆರೆಯಲಿಲ್ಲ. ಇನ್ನೊಂದು, ಈ ಕತೆ ಹೇಳುವ ಮುಂಚೆ ಸಾಕ್ರಟೀಸ್ ಬಹಳ ತಡವರಿಸುತ್ತಾನೆ. ಎದುರಿಗಿದ್ದ ಗ್ಲಾಕನ್, ನೀನು ಅಷ್ಟು ಹೊತ್ತು ನಾಚಿದ್ದು ಸುಮ್ಮನಲ್ಲ ಎಂದು ಛೇಡಿಸುತ್ತಾನೆ.

ಕೊನೆಗೆ ಸಾಕ್ರಟೀಸ್ ಕೇಳುತ್ತಾನೆ, ಇದನ್ನು ಜನ ನಂಬುವ ಹಾಗೆ ಮಾಡಲು ಏನಾದರೂ ಉಪಾಯ ಉಂಟೇ? ಗ್ಲಾಕನ್ ಹೇಳುತ್ತಾನೆ: ಈಗಿರುವವರನ್ನು ನಂಬಿಸಲಾಗದು. ಅವರ ಮಕ್ಕಳು ನಂಬಿಯಾರು, ಅವರ ನಂತರದವರು, ಆಮೇಲೆ ಬರುವವರೆಲ್ಲರು.