ಸಣ್ಣ ತಲೆ, ದೊಡ್ಡ ಆರೋಪ: ‘ಸ್ಟಿಲ್’ ಜೀನಿನ ಕಥೆ

ಚಚಡಿಯಿಂದ ಮಾತಾಡಾಕತ್ತೇನಿ. ಇವತ್ತಿನ ಇತಿಹಾಸದಾಗ ರಾಜರಿಲ್ಲ, ಕೋಟೆ ಇಲ್ಲ. ಕಣ್ಣಿಗೆ ಕಾಣದ ಒಂದು ಜೀನ್ ಐತಿ. ಹೆಸರು ಸ್ಟಿಲ್. ಅದಕ್ಕೂ ನಮ್ಮ ಕಡೆ ಮದುವಿ ಮಾತುಕತೆಗೂ ಸಂಬಂಧ ಐತಿ, ಅದಕ್ಕ ಪೂರ್ತಿ ಕೇಳ್ರಿ.

ಕೂಸು ಸಣ್ಣ ತಲೆ ಇಟ್ಟುಕೊಂಡು ಹುಟ್ಟಿದರೆ ಊರಿನ ಮೊದಲ ಪ್ರಶ್ನೆ ತಾಯಿಗೇ. ‘ಗ್ರಹಣದಾಗ ಹೊರಗ ಬಂದಿದ್ದೇನವಾ?’ ‘ಬಸುರಿದ್ದಾಗ ಏನ್ ತಿಂದಿದ್ದಿ?’ ತಂದೆಯನ್ನು ಯಾರೂ ಕೇಳಲ್ಲ. ಈ ಪ್ರಶ್ನೆಗೆ ಒಂದು ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ.

ಕಥೆ ಶುರುವಾಗೋದು ರಕ್ತದ ಕ್ಯಾನ್ಸರಿನಿಂದ. 1990ರ ಆಸುಪಾಸು ಅಮೆರಿಕದ ಸಂಶೋಧಕರು ಕೆಲವು ಲ್ಯುಕೇಮಿಯಾ ರೋಗಿಗಳ ಒಂದನೇ ಕ್ರೋಮೋಸೋಮ್ ನೋಡಿದರು. ಒಂದು ತುಣುಕು ಕಳೆದುಹೋಗಿ, ಎರಡು ಜೀನ್‌ಗಳು ಅಂಟಿಕೊಂಡಿದ್ದವು. ಅದರಲ್ಲೊಂದು ಸ್ಟಿಲ್. 1999ರಲ್ಲಿ ಇಲಿಗಳಲ್ಲಿ ಈ ಜೀನ್ ಕೆಡಿಸಿ ನೋಡಿದಾಗ ಭ್ರೂಣಗಳು ಹುಟ್ಟುವ ಮೊದಲೇ ಸತ್ತವು.

ಹಂಗಾರ ಇದರ ಕೆಲಸ ಏನು? ಅಣ್ಣ-ತಮ್ಮ ಹೊಲ ಪಾಲು ಮಾಡುವಾಗ ಹಗ್ಗದ ಎರಡು ತುದಿ ಹಿಡಿಯೋಕೆ ಇಬ್ಬರು ಬೇಕಲ್ಲ? ಒಂದು ಜೀವಕೋಶ ಎರಡಾಗುವಾಗಲೂ ಹಂಗೇ. ಕ್ರೋಮೋಸೋಮ್‌ಗಳನ್ನು ಎರಡು ಕಡೆ ಎಳೆದು ಸರಿಸಮ ಪಾಲು ಮಾಡೋರು ಸೆಂಟ್ರೋಸೋಮ್‌ಗಳು. ವಿಭಜನೆಗೆ ಮುಂಚೆ ಒಂದಿದ್ದ ಸೆಂಟ್ರೋಸೋಮ್ ಎರಡಾಗಬೇಕು. ಅದಕ್ಕೆ ಸ್ಟಿಲ್ ಪ್ರೋಟೀನ್ ಬೇಕೇ ಬೇಕು. ಗರ್ಭದಲ್ಲಿ ಮೆದುಳಿನ ಮೂಲಕೋಶಗಳು ಸರಸರ ಎರಡಾಗ್ತಾ ಇರ್ತವೆ. ಅಲ್ಲಿ ಪಾಲು ತಪ್ಪಿದರೆ ನರಕೋಶ ಕಡಿಮೆಯಾಗಿ ಮೆದುಳು ಸಣ್ಣದಾಗುತ್ತೆ, ತಲೆಯೂ ಬೆಳೆಯಲ್ಲ.

ಇದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟಿದ್ದು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಮನೋವೈದ್ಯ ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಇಂಥ ಮಕ್ಕಳಿದ್ದ 24 ಭಾರತೀಯ ಕುಟುಂಬಗಳನ್ನು ಪರೀಕ್ಷಿಸಿದರು. ಆಗ ಗೊತ್ತಿದ್ದ ಆರೂ ಜಾಗಗಳಲ್ಲಿ ಇವರ ದೋಷ ಇರಲಿಲ್ಲ. ಐದು ಕುಟುಂಬಗಳ ಸುಳಿವು ಒಂದನೇ ಕ್ರೋಮೋಸೋಮಿನ ಒಂದು ಜಾಗಕ್ಕೆ ಬಂದು ನಿಂತಿತು. ಅವುಗಳಲ್ಲಿ ಮೂರರಲ್ಲಿ ಸ್ಟಿಲ್ ಜೀನ್ ಕೆಟ್ಟಿತ್ತು, ಪ್ರೋಟೀನ್ ಅರ್ಧಕ್ಕೇ ತುಂಡಾಗುವಂಥ ದೋಷ. ವರದಿ ಪ್ರಕಟವಾಗಿದ್ದು 2009ರಲ್ಲಿ.

ನಾನು ಬಿ.ಕಾಂ ಓದಿದ್ದು, ನನಗೆ ಲೆಕ್ಕದ ಭಾಷೆ ಸುಲಭ. ಪ್ರತಿ ಜೀನಿಗೂ ಎರಡು ಪ್ರತಿ: ಒಂದು ಅಪ್ಪನದು, ಒಂದು ಅವ್ವನದು. ಒಂದು ಕೆಟ್ಟರೂ ಇನ್ನೊಂದು ಅಂಗಡಿ ನಡೆಸುತ್ತೆ. ಎರಡೂ ಕೆಟ್ಟಾಗಲೇ ಈ ಕಾಯಿಲೆ. ಅಂದ್ರ ಅಪ್ಪನ ಪಾಲು ಇಲ್ಲದೆ ಇದು ಬರೋದಿಲ್ಲ. ಇಬ್ಬರೂ ಗಟ್ಟಿಮುಟ್ಟಾಗಿಯೇ ಇರ್ತಾರ. ಅಂಥವರಿಗೆ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು.

ಈಗ ಮದುವಿ ವಿಷಯ. ಸೋದರಮಾವ-ಸೊಸೆಯ ಜೀನುಗಳಲ್ಲಿ ಸರಾಸರಿ ಕಾಲು ಭಾಗ ಒಂದೇ. ಅತ್ತೆ-ಮಾವನ ಮಕ್ಕಳಲ್ಲಿ ಎಂಟನೇ ಒಂದು. ಅದಕ್ಕೇ ಒಂದೇ ಕೆಟ್ಟ ಪ್ರತಿ ಇಬ್ಬರ ಹತ್ತಿರವೂ ಇರೋ ಸಾಧ್ಯತೆ ಜಾಸ್ತಿ. 1980ರಿಂದ 89ರವರೆಗೆ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಅಧ್ಯಯನ ನಡೆದಿತ್ತು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಹೊಲ ಒಡೆಯಬಾರದು, ಮಗಳು ಕಣ್ಮುಂದೆ ಇರಲಿ, ಇಂಥ ಲೆಕ್ಕಾಚಾರ ಅದರ ಹಿಂದೆ ಇರ್ತದೆ. ಹಂಗಂತ ಹೆದರಬ್ಯಾಡ್ರಿ: ಇಂಥ ಮದುವೆಗಳಲ್ಲೂ ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಸಣ್ಣ ತಲೆಗೆ ಬಸಿರಿನಲ್ಲಿ ತಗುಲುವ ಸೋಂಕಿನಂಥ ಬೇರೆ ಕಾರಣಗಳೂ ಉಂಟು.

ಆದರೆ ಮನೆತನದಲ್ಲಿ ಇಂಥ ಮಗು ಇದ್ದರೆ, ಮುಂದಿನ ಬಸಿರಿಗೆ ಮೊದಲೇ ಗಂಡ-ಹೆಂಡತಿ ಇಬ್ಬರೂ ಜೆನೆಟಿಕ್ ಸಲಹೆ ಪಡೀರಿ. ದೋಷ ಯಾವ ಜೀನಿನದು ಅಂತ ಗೊತ್ತಾದರೆ ಬಸಿರಿನ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಸಾಧ್ಯ. ಮತ್ತೆ ಯಾರಾದ್ರೂ ಆ ತಾಯಿಗೆ ಗ್ರಹಣದ ಮಾತು ತೆಗೆದರೆ, ಈ ಎಪಿಸೋಡ್ ಅವರ ವಾಟ್ಸಾಪಿಗೆ ಕಳಿಸ್ರಿ. ಮುಂದಿನ ವಾರ ಸಿಗೋಣ್ರೀ.